ತೊಟ್ಟಿಯ ನೀರಿಗೆ ಯಾವ ಬಾಟಲಿ, ಗಿಡಕ್ಕೆ ಯಾವ ಗೊಬ್ಬರ?

ಬೆಂಗಳೂರಿನಲ್ಲಿ ಮೀನು ಸಾಕುವವರು ಮೊದಲು ನೋಡಬೇಕಾದ್ದು, ತೊಟ್ಟಿಗೆ ಹಾಕುವುದು ಕಾವೇರಿ ನೀರೋ, ಬೋರ್‌ವೆಲ್ ನೀರೋ ಎಂದು. ಕಾವೇರಿ ನೀರಿನಲ್ಲಿ ಮೀನಿಗೆ ಆಗದ ಕ್ಲೋರಿನ್ ಇರುತ್ತದೆ. ಬೋರ್ ನೀರಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಅಲ್ಲಿನ ತೊಂದರೆ ಗಡಸುತನ. ಅದನ್ನು ಆಂಟಿ-ಕ್ಲೋರಿನ್ (ಕ್ಲೋರಿನ್ ತೆಗೆಯುವ ದ್ರಾವಣ) ಕಡಿಮೆ ಮಾಡುವುದಿಲ್ಲ, ಸುಮ್ನೆ ದುಡ್ಡು ದಂಡ. ಆರ್‌ಒ ನೀರು ಬೆರೆಸಿ.

ಅಗ್ಗದ ಆಂಟಿ-ಕ್ಲೋರಿನ್‌ನಲ್ಲಿ ಹೆಚ್ಚಾಗಿ ಇರುವುದು ಸೋಡಿಯಂ ಥಯೋಸಲ್ಫೇಟ್. ಬರೀ ಕ್ಲೋರಿನ್‌ಗೆ ಅಷ್ಟೇ ಸಾಕು. ಪುರುಸೊತ್ತಿದ್ದರೆ ಬಕೆಟ್‌ನಲ್ಲಿ ನೀರನ್ನು ಒಂದು ದಿನ ಇಟ್ಟರೂ ಕ್ಲೋರಿನ್ ಹಾರಿಹೋಗುತ್ತದೆ, ಖರ್ಚೇ ಇಲ್ಲ. ಕ್ಲೋರಮಿನ್ (ಕ್ಲೋರಿನ್ ಜೊತೆ ಅಮೋನಿಯಾ ಸೇರಿದ್ದು) ಹಾಕುವ ಊರುಗಳ ಕಥೆ ಬೇರೆ. ಅಮೆರಿಕದ ಹಲವು ನಗರಗಳಲ್ಲಿ ಅದನ್ನೇ ಬಳಸುತ್ತಾರೆ. ಅದು ಹಾಗೆ ಬೇಗ ಹಾರಿಹೋಗುವುದಿಲ್ಲ. ಥಯೋಸಲ್ಫೇಟ್ ಹಾಕಿದರೆ ಅಮೋನಿಯಾ ಉಳಿದುಬಿಡುತ್ತದೆ. ಅಲ್ಲಿರುವವರು ಕ್ಲೋರಮಿನ್‌ಗೂ ಆಗುವ ಸೀಕೆಮ್ ಪ್ರೈಮ್ ಎಂಬ ದ್ರಾವಣ ಕೊಳ್ಳುವುದೇ ಸರಿ. 200 ಲೀಟರಿಗೆ 5 ಮಿಲಿ ಸಾಕು, ಹಾಗಾಗಿ ಸಣ್ಣ ಬಾಟಲಿಯೂ ತುಂಬಾ ದಿನ ಬರುತ್ತದೆ. ಮುಚ್ಚಳ ತೆಗೆದರೆ ಗಂಧಕದ ವಾಸನೆ ಬರುತ್ತದೆ, ಕೆಟ್ಟಿದೆ ಎಂದು ಎಸೆಯಬೇಡಿ!

ಇನ್ನು ತೊಟ್ಟಿಯೊಳಗಿನ ಗಿಡಗಳಿಗೆ ಗೊಬ್ಬರ ಆರಿಸುವುದು ಸುಲಭ. ಅನೂಬಿಯಾಸ್, ಜಾವಾ ಫರ್ನ್ ಕಲ್ಲು-ಕಟ್ಟಿಗೆಗೆ ಅಂಟಿಕೊಂಡು ಬೆಳೆಯುತ್ತವೆ, ಅವಕ್ಕೆ ದ್ರವ ಗೊಬ್ಬರ. ಅಮೆಜಾನ್ ಸೋರ್ಡ್, ಕ್ರಿಪ್ಟೋಕೊರೈನ್ ಬೇರಿನಿಂದ ಜಾಸ್ತಿ ತಿನ್ನುತ್ತವೆ, ಬುಡದ ಮರಳಿನಲ್ಲಿ ಗೊಬ್ಬರದ ಗುಳಿಗೆ ಹುದುಗಿಸಿ. ದ್ರವ ಗೊಬ್ಬರದಲ್ಲಿ ಟ್ರೋಪಿಕಾ ಕಂಪನಿಯ ಪ್ರೀಮಿಯಂ, ಸ್ಪೆಷಲೈಸ್ಡ್ ಎಂಬ ಎರಡು ಬಗೆ ಇವೆ. ಪ್ರೀಮಿಯಂನಲ್ಲಿ ಸಾರಜನಕ, ರಂಜಕ ಇಲ್ಲ. ಸ್ಪೆಷಲೈಸ್ಡ್‌ನಲ್ಲಿ ಎರಡೂ ಇವೆ. ಮೀನು ಜಾಸ್ತಿ ಇದ್ದರೆ ಅವುಗಳ ಹಿಕ್ಕೆಯಿಂದಲೇ ಅವೆರಡೂ ಸಿಗುತ್ತವೆ, ಆಗ ಪ್ರೀಮಿಯಂ ಸಾಕು. ಗಿಡ ಹೆಚ್ಚು, ಮೀನು ನಾಲ್ಕೈದೇ ಇದ್ದರೆ ನನ್ನ ಓಟು ಸ್ಪೆಷಲೈಸ್ಡ್‌ಗೆ. ಶುರುವಿಗೆ ಬಾಟಲಿಯಲ್ಲಿ ಬರೆದಿರುವುದರ ಅರ್ಧದಷ್ಟೇ ಹಾಕಿ.