ಮಹಿಳಾ ಸಂಘದ ಮುರುಗಲು: ಸಿಪ್ಪೆ ತನ್ನಿ, ಗಿಡವನ್ನಂತೂ ಬಿಡಬೇಡಿ

ಸಿದ್ದಾಪುರ ತಾಲ್ಲೂಕಿನ ನಮ್ಮ ಪಕ್ಕದೂರಿನ ಮಹಿಳಾ ಸಂಘದವರು ಮುರುಗಲು (ಕೋಕಂ) ಹಣ್ಣಿನ ಒಣಗಿಸಿದ ಹುಳಿಸಿಪ್ಪೆ, ಸಿರಪ್, ಬೀಜದಿಂದ ತೆಗೆದ ಮುರುಗಲು ತುಪ್ಪ, ಕಸಿ ಗಿಡ ಮಾರುತ್ತಾರೆ. ನಾಲ್ಕನ್ನೂ ತಂದು ಬಳಸಿದ್ದೇನೆ.

ಸಿಪ್ಪೆ ಬಹಳ ಚೆನ್ನಾಗಿದೆ. ಕಪ್ಪುಗೆಂಪು ಬಣ್ಣ, ಮೆತ್ತಗಿದೆ, ಹೊಗೆ ವಾಸನೆ ಇಲ್ಲವೇ ಇಲ್ಲ. ಮುರುಗಲು ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ನಡುವೆ ಮಳೆ ಬಿದ್ದರೆ ಬೂಸು ಹಿಡಿಯುತ್ತದೆ ಅಂತ ಎಷ್ಟೋ ಜನ ಒಲೆ ಮೇಲೆ ಒಣಗಿಸುತ್ತಾರೆ. ಇವರದು ಸೋಲಾರ್ ಡ್ರೈಯರ್. ಮುರುಗಲಿನ ಹತ್ತಿರದ ಜಾತಿಯ ಹುಳಿಹಣ್ಣು ಉಪ್ಪಾಗೆಯನ್ನು ಒಣಗಿಸಲು ಮಳೆಗಾಲದಲ್ಲಿ ಎಷ್ಟು ಕಟ್ಟಿಗೆ ಉರಿಯುತ್ತದೆ ಅಂತ ನಮ್ಮ ಕಡೆಯವರಿಗೆ ಗೊತ್ತಲ್ವಾ?

ಬೆಲೆ ಪೇಟೆಗಿಂತ ಸ್ವಲ್ಪ ಜಾಸ್ತಿ. ನಾನು ಖುಷಿಯಿಂದ ಕೊಡುತ್ತೇನೆ. ಕೊಂಬೆ ಕಡಿದು ಕೆಡವಿದ ಕಾಯಿಯನ್ನು ಇವರು ಮುಟ್ಟುವುದಿಲ್ಲ. ಕಾಡಿನ ಹಣ್ಣಿಗೆ ಪೈಪೋಟಿ ಬಿದ್ದರೆ, ನಾಳೆ ಇನ್ನೊಬ್ಬರು ಕೊಯ್ದಾರು ಅಂತ ಎಳೆಕಾಯಿಯನ್ನೇ ಕೊಯ್ಯುತ್ತಾರೆ. ಮಾಗಿದ ಹಣ್ಣಿಗೆ ಮಾತ್ರ ದುಡ್ಡು ಅಂದರೆ ಆ ಅವಸರ ನಿಲ್ಲುತ್ತದೆ.

ಸಿರಪ್ ನನಗೆ ಹಿಡಿಸಲಿಲ್ಲ, ಸಕ್ಕರೆ ಅತಿಯಾಯಿತು. ಬಾಟಲಿ ಮೇಲೆ ತಯಾರಿಸಿದ ತಾರೀಕೂ ಇರಲಿಲ್ಲ. ಇದನ್ನು ಸರಿಪಡಿಸಲೇಬೇಕು. ತುಪ್ಪ ಮೇಣದಷ್ಟು ಗಟ್ಟಿ, ಒಡೆದ ಹಿಮ್ಮಡಿಗೆ ಒಳ್ಳೆಯದು.

ಇನ್ನು ಗಿಡದ ವಿಷಯ. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಗಿಡ ನೆಟ್ಟರೆ ಹೂ ಬಿಡುವವರೆಗೆ ಯಾವುದು ಅಂತ ತಿಳಿಯುವುದಿಲ್ಲ. ಅಷ್ಟು ವರ್ಷ ಸಾಕಿದ ಮೇಲೆ ಅರ್ಧದಷ್ಟು ಗಂಡೇ ಆದರೆ ಯಾರು ತಾನೇ ಮತ್ತೆ ನೆಡುತ್ತಾರೆ? ಇವರು ಹೆಣ್ಣು ಮರದ ಕಸಿ ಕೊಡುತ್ತಾರೆ. ಹತ್ತು ಗಿಡಕ್ಕೆ ಒಂದು ಗಂಡು ಇರಲಿ ಅಂತ ಅವರೇ ನೆನಪಿಸುತ್ತಾರೆ. ಕಸಿಗೆ ನೆಟ್ಟಗೆ ಬೆಳೆಯುವ ಚಿಗುರನ್ನೇ ಆರಿಸುತ್ತಾರೆ. ಅಡ್ಡ ಕೊಂಬೆಯಿಂದ ಕಸಿ ಮಾಡಿದರೆ ಗಿಡ ನೆಲಕ್ಕೇ ಹರಡುತ್ತದೆ. ಬೇರೊಂದು ನರ್ಸರಿಯಿಂದ ತಂದ ನನ್ನ ಗಿಡಗಳು ಹಾಗೇ ಆಗಿವೆ.

ತೋಟದ ಗೊಬ್ಬರಕ್ಕೆ ಸೊಪ್ಪು ಕಡಿದು ಕಡಿದು ನಮ್ಮ ಬೆಟ್ಟ ಬೋಳಾಗಿತ್ತು. ಅಲ್ಲಿ ಅಕೇಶಿಯಾ ಹಾಕು ಅಂದವರೇ ಹೆಚ್ಚು. ಅದರ ಕೆಳಗೆ ತಿನ್ನುವಂಥದ್ದು ಏನು ಸಿಗುತ್ತದೆ? ನಾನು ಮುರುಗಲು ನೆಟ್ಟೆ, ಪಕ್ಕದಲ್ಲಿ ಉಪ್ಪಾಗೆ, ಮತ್ತೊಂದು ಹುಳಿಹಣ್ಣಿನ ಮರ ವಾಟೆಹುಳಿ. ಅರೆನೆರಳಿನಲ್ಲೂ ಗಿಡಗಳು ಚೆನ್ನಾಗಿ ಹಿಡಿದಿವೆ. ಮೊದಲ ಬೇಸಿಗೆಗಳಲ್ಲಿ ನೀರು, ಬುಡಕ್ಕೆ ದರಕು (ಒಣ ಎಲೆ) ಹಾಕಿದ್ದು ಬಿಟ್ಟರೆ ಬೇರೆ ಆರೈಕೆ ಇಲ್ಲ.

ಗಿಡ ಬೇಕಿದ್ದವರು ಮೇ ತಿಂಗಳಲ್ಲೇ ಹೇಳಿಡಿ. ಮಳೆ ಹಿಡಿದ ಮೇಲೆ ಹೋದರೆ ಹೆಣ್ಣು ಕಸಿ ಸಿಗುವುದು ಕಷ್ಟ.