ಹಂಚಿದ ಕಾರು, ಸರಕು ಸೈಕಲ್, ಕೂಡುತೋಟ: ಯಾವುದನ್ನು ನೆಚ್ಚಬಹುದು?

ತೈಲದ ಮೇಲಿನ ಅವಲಂಬನೆ ತಗ್ಗಿಸಲು ನೆರೆಹೊರೆಯವರು ಸೇರಿ ಏನು ಮಾಡಬಹುದು ಎಂದು ಕೇಳಿದರೆ ಮೂರು ಉತ್ತರಗಳು ತಟ್ಟನೆ ಬರುತ್ತವೆ: ಕೆಲಸಕ್ಕೆ ಒಂದೇ ಕಾರಿನಲ್ಲಿ ಹೋಗುವುದು, ಎಲ್ಲರ ಬಳಕೆಗೆ ಒಂದು ವಿದ್ಯುತ್ ಸರಕು ಸೈಕಲ್ ಕೊಳ್ಳುವುದು, ಖಾಲಿ ಜಾಗದಲ್ಲಿ ತರಕಾರಿ ಬೆಳೆಯುವುದು. ಮೂರರಲ್ಲೂ ನಾನು ಪಾಲುಗೊಂಡಿದ್ದೇನೆ. ನನ್ನ ಮತ ಸೈಕಲ್ಲಿಗೆ.

ಹಾಗೆಂದು ಲೀಟರಿನ ಲೆಕ್ಕದಲ್ಲಿ ಗೆದ್ದದ್ದು ಅದಲ್ಲ. ಅಲ್ಲಿ ಕಾರು ಹಂಚಿಕೆಗೆ ಎದುರಿಲ್ಲ. ನಾಲ್ಕು ಕಾರುಗಳು ಓಡುತ್ತಿದ್ದ ದಾರಿಯಲ್ಲಿ ಒಂದೇ ಓಡಿದರೆ ಉಳಿತಾಯ ಮೊದಲ ದಿನವೇ ಕಾಣುತ್ತದೆ. ಉಳಿದ ಪ್ರತಿ ಲೀಟರ್ ಪೆಟ್ರೋಲಿನ ಜೊತೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಕೂಡ ಗಾಳಿಗೆ ಸೇರದೆ ಉಳಿಯುತ್ತದೆ. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ತೊಡಕಿರುವುದು ಗಡಿಯಾರದಲ್ಲಿ. ಒಬ್ಬರ ಪಾಳಿ ಬದಲಾಗುತ್ತದೆ, ಇನ್ನೊಬ್ಬರ ಸಭೆ ಮುಗಿಯುವುದೇ ಇಲ್ಲ, ಕಾದು ಬೇಸತ್ತವರು ಸದ್ದಿಲ್ಲದೆ ತಮ್ಮ ತಮ್ಮ ಕಾರಿಗೆ ಮರಳುತ್ತಾರೆ. ಅದನ್ನು ಹೇಗೋ ಸಂಭಾಳಿಸಿದರೂ, ಬಂಕಿನಲ್ಲಿ ಪೆಟ್ರೋಲ್ ಇಲ್ಲವೆಂದರೆ ಈ ಏರ್ಪಾಡಿಗೆ ಬೇರೆ ದಾರಿಯಿಲ್ಲ. ಟ್ಯಾಂಕಿನಲ್ಲಿರುವುದು ನಾಲ್ಕು ಪಟ್ಟು ದಿನ ಬರುತ್ತದೆ, ಅಷ್ಟೇ. ಬಳಕೆ ಇಳಿದಿರುತ್ತದೆ, ಅವಲಂಬನೆ ಹಾಗೆಯೇ ಇರುತ್ತದೆ.

ಸರಕು ಸೈಕಲ್ಲಿನ ಲೆಕ್ಕ ನನ್ನನ್ನು ಈಗಲೂ ಬೆರಗುಗೊಳಿಸುತ್ತದೆ. 500 ವ್ಯಾಟ್-ಗಂಟೆಯ ಬ್ಯಾಟರಿ ಪೂರ್ತಿ ತುಂಬಿದ್ದಾಗಲೂ ಅದರಲ್ಲಿರುವ ಶಕ್ತಿ ಐವತ್ತು ಚಿಲ್ಲರೆ ಮಿಲಿಲೀಟರ್ ಪೆಟ್ರೋಲಿಗೆ ಸಮ. ಒಂದು ಲೀಟರಿನಲ್ಲಿ ಸುಮಾರು 9,000 ವ್ಯಾಟ್-ಗಂಟೆ ಇರುತ್ತದೆ. ಬ್ಯಾಟರಿಯ ಆ ಅಲ್ಪ ಶಕ್ತಿಯಲ್ಲೇ ಹೊರೆ ಹೊತ್ತು ಮೂವತ್ತು ಕಿಲೋಮೀಟರ್ ಹೋಗಬಹುದು. ಕಾರಿನ ಎಂಜಿನ್ ಇಂಧನದ ಬಹುಪಾಲನ್ನು ಶಾಖವಾಗಿ ಕಳೆದು, ಮಿಕ್ಕದ್ದರಲ್ಲಿ ಒಂದು ಟನ್ನಿನಷ್ಟು ಲೋಹವನ್ನು ಎಳೆಯುತ್ತದೆ. ಸೈಕಲ್ ಎಳೆಯುವುದು ನಮ್ಮನ್ನೂ ಸರಕನ್ನೂ, ಅದಕ್ಕೆ ಕಾಲುಗಳ ನೆರವೂ ಇದೆ. ಬ್ಯಾಟರಿ ಬರಿದಾದರೆ ಬೆವರು ಸುರಿಸಬೇಕಾಗುತ್ತದೆ, ಆದರೆ ಮನೆ ತಲುಪಬಹುದು.

ಎರಡು ಗಾಲಿಯದೋ ಮೂರು ಗಾಲಿಯದೋ ಎಂಬ ಚರ್ಚೆ ಕೊಳ್ಳುವ ಮೊದಲೇ ಆಗಲಿ. ಓಡಿಸುವ ಸುಖ ಎರಡು ಗಾಲಿಯದರಲ್ಲಿದೆ, ತಿರುವಿನಲ್ಲಿ ಅದು ಸಹಜವಾಗಿ ವಾಲುತ್ತದೆ. ಮೂರು ಗಾಲಿಯದನ್ನು ವೇಗವಾಗಿ ತಿರುಗಿಸಿದರೆ ಒಳಗಿನ ಗಾಲಿ ನೆಲ ಬಿಟ್ಟೇಳುತ್ತದೆ. ಆದರೂ ಹಂಚಿಕೆಗೆ ಮೂರು ಗಾಲಿಯದೇ ಸರಿ: ಸರಕು ತುಂಬುವಾಗ ಅಲುಗಾಡದೆ ನಿಲ್ಲುತ್ತದೆ, ವಯಸ್ಸಾದವರೂ ಧೈರ್ಯವಾಗಿ ಹತ್ತುತ್ತಾರೆ. ಜಗಳ ಹುಟ್ಟುವುದು ಚಾರ್ಜಿಂಗ್ ವಿಷಯಕ್ಕೆ. ತಂದು ನಿಲ್ಲಿಸಿದವರೇ ಪ್ಲಗ್ ಹಾಕಬೇಕು ಎಂಬ ನಿಯಮ ಬರುವವರೆಗೆ ಬ್ಯಾಟರಿ ಯಾರ ಪಾಲಿಗೂ ತುಂಬಿರುತ್ತಿರಲಿಲ್ಲ.

ಕೂಡುತೋಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತೈಲ ಉಳಿಸಲೆಂದೇ ಅದನ್ನು ಮಾಡುವವರಿಗೆ ನಿರಾಸೆ ಕಾದಿದೆ, ಏಕೆಂದರೆ ಬಹುತೇಕ ಆಹಾರಗಳ ಇಂಗಾಲದ ಹೊರೆಯಲ್ಲಿ ಸಾಗಣೆಯ ಪಾಲು ಚಿಕ್ಕದು. ಒಂದು ಬುಟ್ಟಿ ಸೊಪ್ಪು ಬೆಳೆದು ಉಳಿಸುವ ಡೀಸೆಲ್ ಎಷ್ಟೆಂದು ಲೆಕ್ಕ ಹಾಕದಿರುವುದೇ ಲೇಸು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದು ಅಲ್ಲಿಂದ ಬರುತ್ತಿದ್ದ ತೈಲ ಕೈಕೊಟ್ಟಾಗ ಕ್ಯೂಬಾದ ನಗರತೋಟಗಳು ಆಸರೆಯಾದವು, ನಿಜ. ಆದರೆ ಅಲ್ಲಿ ಸರ್ಕಾರವೇ ಭೂಮಿ ಬಿಟ್ಟುಕೊಟ್ಟಿತ್ತು. ಜೊತೆಗೆ ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್‌ಗಳನ್ನು ತರಿಸಿತ್ತು ಎಂಬುದನ್ನು ತೋಟದ ಅಭಿಮಾನಿಗಳು ಮರೆಯುತ್ತಾರೆ. ತೋಟಕ್ಕೆ ಒಂದು ಹೆಚ್ಚುಗಾರಿಕೆಯಂತೂ ಇದೆ: ಕಳೆ ಕೀಳಲು ತಪ್ಪದೆ ಬಂದವರು ಯಾರೆಂದು ಅಲ್ಲಿ ಗೊತ್ತಾಗುತ್ತದೆ. ಸೈಕಲ್ಲಿನ ಬೀಗದ ಕೈ ಕೊಟ್ಟದ್ದು ಅವರಿಗೇ.

ಎರಡೇ ಮನೆಗಳು ಒಪ್ಪಿದರೆ ಕಾರು ಹಂಚಿಕೊಳ್ಳಿ. ಏಳೆಂಟು ಮನೆಗಳು ಹಣ ಹಾಕಲು ಸಿದ್ಧವಿದ್ದರೆ ಸೈಕಲ್ ಕೊಳ್ಳಿ, ಬ್ರೇಕ್ ಪ್ಯಾಡ್ ಬದಲಿಸಲು ಇಬ್ಬರಾದರೂ ಕಲಿಯಿರಿ. ಭಾರ ಹೊರುವ ಸೈಕಲ್ಲಿನಲ್ಲಿ ಅವು ಬೇಗ ಸವೆಯುತ್ತವೆ. ಟ್ಯೂಬ್‌ಗಳನ್ನೂ ನಾಲ್ಕಾರು ತೆಗೆದಿಡಿ, ಅವುಗಳ ಬ್ಯೂಟೈಲ್ ರಬ್ಬರ್ ಬರುವುದು ಪೆಟ್ರೋಲಿಯಂನಿಂದಲೇ.