ತಲಿಗೆ ಪೆಟ್ಟು ಬಿದ್ದು ಸುಧಾರಿಸ್ಕೊಳ್ಳೋರಿಗೆ ಚಿಗರಿ ಬಸ್ ಹೆಂಗೈತಿ

ಚಿಗರಿ ಅಂದ್ರ ಹುಬ್ಬಳ್ಳಿ-ಧಾರವಾಡದ ನಡುವ ರಸ್ತೆ ಮಧ್ಯದ ತನ್ನದೇ ಲೇನಿನ್ಯಾಗ ಓಡೋ ಬಿಆರ್‌ಟಿಎಸ್ ಬಸ್. ಅದರ ಬಗ್ಗೆ ಎಸಿ ಚೊಲೋ ಐತಿ, ಲಗೂ ಮುಟ್ಟಿಸ್ತೈತಿ ಅಂತ ಭಾಳ ಮಂದಿ ಬರದಾರ. ನಾ ಬ್ಯಾರೆ ಲೆಕ್ಕದಾಗ ಬರೀತೀನಿ, ಕನ್ಕಷನ್ ಆದವರು, ಅಂದ್ರ ತಲಿಗೆ ಪೆಟ್ಟು ಬಿದ್ದು ಮೆದುಳು ಅಲುಗಾಡಿ ಇನ್ನೂ ಪೂರ್ತಿ ಸುಧಾರಿಸದೇ ಇರೋರು ಈ ಬಸ್ಸಿನ್ಯಾಗ ಓಡಾಡಬಹುದೋ ಇಲ್ಲೋ ಅಂತ. ಓಡಾಡಬಹುದು. ಹುಬ್ಬಳ್ಳಿ-ಧಾರವಾಡದ ನಡುವ ಅಂಥವರಿಗೆ ಇದಕ್ಕಿಂತ ಚೊಲೋ ಗಾಡಿ ನನಗಂತೂ ಕಂಡಿಲ್ಲ.

ನಾ ಇರೋದು ಧಾರವಾಡದಾಗ, ಕೆಲಸ ಹುಬ್ಬಳ್ಳಿ ವಿದ್ಯಾನಗರದಾಗ. ಮನಿ ಮೆಟ್ಟಲ ಮ್ಯಾಲಿಂದ ಜಾರಿ ಬಿದ್ದೆ, ಸಿಟಿ ಸ್ಕ್ಯಾನ್ ನಾರ್ಮಲ್ ಬಂತು, ಮನ್ಯಾಗ ಎಲ್ಲಾರೂ ಏನೂ ಆಗಿಲ್ಲ ಬಿಡು ಅಂದ್ರು. ಡಾಕ್ಟರ್ ಮಾತ್ರ ಬಿಡಿಸಿ ಹೇಳಿದ್ರು, ಸ್ಕ್ಯಾನಿನ್ಯಾಗ ರಕ್ತ ಸೋರಿದ್ದು, ಎಲುಬು ಮುರಿದದ್ದು ಕಾಣ್ತೈತಿ, ಮೆದುಳಿನ ಕೆಲಸ ಏರುಪೇರಾಗಿದ್ದು ಕಾಣೂದಿಲ್ಲ ಅಂತ. ಕೈಯಾಗಿನ ಚಾ ಕಪ್ಪು ಜಾರೋದು, ಬಾಗಲ ಚೌಕಟ್ಟಿಗೆ ಭುಜ ಬಡಿಯೋದು, ಯಾರರ ಒಮ್ಮೆಗೇ ಎರಡು ಮಾತು ಹೇಳಿದ್ರ ಮೊದಲನೇದು ಹಾರಿ ಹೋಗೋದು, ಎಲ್ಲಾ ಅದರದೇ ಕಾಟ. ಮೊದಲ ಒಂದೆರಡು ದಿವಸ ವಿಶ್ರಾಂತಿ, ಆಮ್ಯಾಲೆ ಮಲಕೊಂಡೇ ಇರಬ್ಯಾಡ್ರಿ, ಸ್ವಲ್ಪ ಸ್ವಲ್ಪ ಓಡಾಡ್ರಿ, ಆದ್ರ ಸ್ಕೂಟರ್ ಸದ್ಯ ಬ್ಯಾಡ ಅಂದ್ರು, ಯಾಕಂದ್ರ ವಾಸಿ ಆಗೋಕಿಂತ ಮೊದಲ ಇನ್ನೊಂದು ಪೆಟ್ಟು ಬಿದ್ರ ಭಾಳ ಅಪಾಯ. ಹಿಂಗಾಗಿ ಚಿಗರಿ.

ಎಲ್ಲಾಕ್ಕಿಂತ ದೊಡ್ಡ ಅನುಕೂಲ ಏನಂದ್ರ ಸ್ಟೇಷನ್ ನೆಲ ಮತ್ತ ಬಸ್ಸಿನ ನೆಲ ಸಮ ಇರೋದು. ಆರೋಗ್ಯ ಇದ್ದವರಿಗೆ ಇದು ಗೊತ್ತೂ ಆಗೂದಿಲ್ಲ. ಸಾದಾ ಬಸ್ ಹತ್ತಬೇಕಂದ್ರ ಒಂದು ಕೈಯಾಗ ರಾಡ್ ಹಿಡೀಬೇಕು, ಬ್ಯಾಗ್ ಸಂಭಾಳಿಸಬೇಕು, ಎತ್ತರದ ಮೆಟ್ಟಲಿಗೆ ಕಾಲ ಎತ್ತಬೇಕು, ಹಿಂದಿನವರು ದಬ್ಬತಿರ್ತಾರ, ಒಳಗ ಹೋದ ಕೂಡ್ಲೇ ನಿಂತಲ್ಲೇ ಚಿಲ್ಲರೆ ಹುಡುಕಬೇಕು, ಇವೆಲ್ಲಾ ಒಮ್ಮೆಗೇ ಮಾಡೋ ತಾಕತ್ತು ಈಗ ತಲಿಗೆ ಇರೂದಿಲ್ರಿ. ಇಲ್ಲಿ ಟಿಕೆಟ್ ಸ್ಟೇಷನ್ನಿನ್ಯಾಗೇ ತಗೊಂಡು ಗೇಟ್ ದಾಟಿದ್ರ ಮುಗೀತು, ಬಸ್ ಬಂದಾಗ ಸುಮ್ನ ನಡಕೊಂಡು ಒಳಗ ಹೋಗೋದು ಅಷ್ಟ. ಒಂದು ಕೆಲಸ ಮುಗದ ಮ್ಯಾಲೆ ಇನ್ನೊಂದು. ಸ್ಮಾರ್ಟ್ ಕಾರ್ಡ್ ಮಾಡಿಸಿದ್ರ ಇನ್ನೂ ಹಗುರ.

ಎರಡನೇದು ಸದ್ದು. ಕಿಟಕಿ ಮುಚ್ಚಿರ್ತಾವ, ಬಸ್ ತನ್ನ ಲೇನಿನ್ಯಾಗ ಹೋಗ್ತೈತಿ, ಹಾರ್ನು ಕಿವಿಗೆ ಅಷ್ಟು ಬಡಿಯೂದಿಲ್ಲ. ಆದ್ರ ಹುಬ್ಬಳ್ಳಿಯ ಹೊಸೂರು ದಾಟಿ ಸಿಬಿಟಿ, ಅಂದ್ರ ಸಿಟಿ ಬಸ್ ನಿಲ್ದಾಣದ ಕಡೆ ಹೊಂಟ್ರ ಉಳಿದ ಗಾಡಿಗಳ ಜೋಡಿನೇ ನುಗ್ಗಬೇಕು, ಅಲ್ಲಿ ಗದ್ದಲ ಇದ್ದದ್ದ.

ಗಮನ ನಿಲ್ಲದವರಿಗೆ ಸ್ಟಾಪ್ ತಪ್ಪೋ ಅಂಜಿಕಿ ಇರ್ತೈತಿ. ಹತ್ತೋಕಿಂತ ಮೊದಲ ಅದು ನಾನ್‌ಸ್ಟಾಪ್ ಬಸ್ಸೋ ಎಲ್ಲಾ ಕಡೆ ನಿಲ್ಲೋದೋ ಕೇಳಿ ಹತ್ರಿ. ನಾ ಕೂತಲ್ಲೇ ಎಣಿಸ್ಕೊಂತ ಹೋಗೂದಿಲ್ಲ, ನವಲೂರು, ಸತ್ತೂರು, ರಾಯಾಪುರ, ನವನಗರ ಎಲ್ಲಾ ತಮ್ಮಷ್ಟಕ್ಕ ಹೋಗಲಿ, ಉಣಕಲ್ ಕೆರಿ ಕಂಡ ಮ್ಯಾಲೆ ಬ್ಯಾಗ್ ಹೆಗಲಿಗೆ ಹಾಕೋತೀನಿ. ನೀವೂ ನಿಮ್ಮ ಸ್ಟಾಪಿಗಿಂತ ಮುಂಚಿಂದು ಒಂದು ಗುರ್ತು ಇಟ್ಕೋರಿ, ಚೀಟಿ ಮ್ಯಾಲೆ ಬರದು ಕಿಸೆದಾಗ ಇಟ್ರೂ ನಡೀತೈತಿ. ಫೋನ್ ನೋಡಬ್ಯಾಡ್ರಿ, ಓಡೋ ಬಸ್ಸಿನ್ಯಾಗ ಸ್ಕ್ರೀನ್ ನೋಡಿದ್ರ ನನಗ ತಲಿ ಗಿರ್ ಅಂತೈತಿ. ಬೆಳಕು ತಡೀದವರು ಬಲಗಡೆ ಸೀಟ್ ಹಿಡೀರಿ, ಮುಂಜಾನೆ ಹುಬ್ಬಳ್ಳಿಗೆ ಹೋಗಾಗೂ ಸಂಜಿಕ ಧಾರವಾಡಕ್ಕ ಬರಾಗೂ ಬಿಸಲು ಹೆಚ್ಚಾಗಿ ಎಡಗಡೆನೇ ಬೀಳ್ತೈತಿ. ಕಾಲೇಜು, ಆಫೀಸು ಬಿಡೋ ಹೊತ್ತು ತಪ್ಪಿಸ್ರಿ, ನಿಂತ್ಕೊಂಡು ಹೋಗೋದಂತೂ ಬ್ಯಾಡ, ಬ್ರೇಕ್ ಹಾಕಿದಾಗ ತೋಲ ತಪ್ಪೋದು ಬ್ಯಾಡ. ಒಂದು ಬಸ್ ಬಿಟ್ರ ಇನ್ನೊಂದು ಬರ್ತೈತಿ.

ವಾಂತಿ ನಿಲ್ಲವಲ್ದು, ತಲಿನೋವು ಏರಾಕತ್ತೈತಿ, ಮಾತು ತೊದಲ್ತೈತಿ, ಎಬ್ಬಿಸಿದ್ರೂ ಎಚ್ಚರಾಗವಲ್ರು ಅಂದ್ರ ಬಸ್ಸಿನ ಮಾತೇ ಬ್ಯಾಡ, 108ಕ್ಕ ಫೋನ್ ಮಾಡಿ ನೆಟ್ಟಗ ದವಾಖಾನಿಗೆ ಹೋಗ್ರಿ.

2018ರ ಅಕ್ಟೋಬರ್‌ನಿಂದ ಈ ಬಸ್ ಓಡಾಕತ್ತಾವ, 2020ರ ಫೆಬ್ರವರಿ 2ಕ್ಕ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಬಂದು ಉದ್ಘಾಟನೆ ಮಾಡಿದ್ರು, ಅಂದಿನಿಂದ ಇಂದಿನತನಕ ನಡುವಿನ ಲೇನ್ ತಗದು ಎಲ್ಲಾ ಗಾಡಿಗೂ ಬಿಡ್ರಿ ಅನ್ನೋ ಮಾತು ನಿಂತಿಲ್ಲ. ದಯಮಾಡಿ ಅದನ್ನ ತಗೀಬ್ಯಾಡ್ರಿ. ಮೊಣಕಾಲು ನೋವಿನ ಅಜ್ಜಿಗೂ, ಬಸರಿ ಹೆಣ್ಮಕ್ಕಳಿಗೂ, ನಮ್ಮಂಥವರಿಗೂ ಆ ಲೇನು, ಆ ಸಮ ನೆಲ ಭಾಳ ದೊಡ್ಡ ಆಸರ. ಒಂದೇ ತ್ರಾಸು, ಚಿಗರಿ ಸ್ಟೇಷನ್ನು ರಸ್ತೆ ನಡುವ ಇರೋದ್ರಿಂದ ಅಲ್ಲಿಗೆ ಮುಟ್ಟಾಕ ಅರ್ಧ ರಸ್ತೆ ದಾಟಬೇಕು. ಸಿಗ್ನಲ್ ಇದ್ದ ಕಡೆನೇ ದಾಟ್ರಿ, ಬಾಜೂಕ ನಿಂತವರಿಗೆ ಅಣ್ಣಾ, ಅಕ್ಕಾ, ಸ್ವಲ್ಪ ಕೈ ಹಿಡೀರಿ ಅನ್ರಿ, ನನಗ ಈತನಕ ಯಾರೂ ಇಲ್ಲಾ ಅಂದಿಲ್ಲ.